ಯುದ್ಧ, ಮಗು ಮತ್ತು ಒಂದು ಬೀದಿನಾಯಿ

(ಸಂಘದ ವಾರ್ಷಿಕ ಸ್ನೇಹ ಸಮ್ಮೇಳನ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಶಿಕ್ಷಣದ ಮಹತ್ವದ ಬಗ್ಗೆ ಎರಡು ಮಾತು ಹೇಳಿರಿ ಎಂದು ಸಂಘದ ಹಿರಿಯರು ನನಗೆ ಅಪ್ಪಣೆ ಕೊಡಿಸಿದ್ದರು. ಆ ವಿಷಯವನ್ನು ನನಗಿಂತ ಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ಅವರ ಅನುಮತಿ ಪಡೆದು ನಾನು ಇಂದು ಒಂದು ಬೀದಿನಾಯಿಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಇದೇನು ಮಾಸ್ತರರಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ಕೆಲವರು ನಗಬಹುದು. ನಗಲಿ, ಅಡ್ಡಿಯಿಲ್ಲ. ಆದರೆ ಕೊನೆಯವರೆಗೆ ಕೇಳಬೇಕೆಂದು ಕೋರುತ್ತೇನೆ.

ಈ ವಿಷಯ ನನ್ನ ತಲೆಗೆ ಬಂದದ್ದು ಒಂದು ಕಾಪಿ ಪುಸ್ತಕದಿಂದ. 2025ರ ಬೇಸಿಗೆ ರಜೆ ಮುಗಿದು ಶಾಲೆ ಪುನಃ ಆರಂಭವಾದಾಗ, 'ನಾನು ರಜೆಯನ್ನು ಕಳೆದ ಬಗೆ' ಎಂಬ ಪ್ರಬಂಧ ಬರೆಯಲು ಏಳನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಮದುವೆ, ಉರುಸು, ಅಜ್ಜಿಯ ಊರು, ಮಾವಿನ ಹಣ್ಣು - ಹೀಗೆ ಎಲ್ಲರದೂ ಒಂದೇ ತರಹ. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು. ಆ ಮೇ ತಿಂಗಳಿನಲ್ಲಿ ಏನಾಯಿತೆಂಬುದು ತಮಗೆ ಗೊತ್ತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಿರಪರಾಧಿ ಪ್ರವಾಸಿಗರ ಹತ್ಯೆಯಾಯಿತು. ಮೇ 7ರಂದು ನಮ್ಮ ಸೈನ್ಯದ 'ಆಪರೇಷನ್ ಸಿಂಧೂರ' ಆರಂಭವಾಯಿತು. 10ನೇ ತಾರೀಖಿಗೆ ಕದನ ನಿಂತಿತು. ಆ ನಾಲ್ಕು ದಿನ ಪ್ರತಿ ಮನೆಯ ಟಿ.ವಿ.ಯಲ್ಲೂ ಸೈರನ್ನು, ಡ್ರೋನು, ಕತ್ತಲೆ ಮಾಡಿದ ಊರುಗಳು. ಈ ಹುಡುಗಿಯ ಓಣಿಯಲ್ಲಿ ಒಂದು ಹೆಣ್ಣು ನಾಯಿ ಮರಿ ಹಾಕಿತ್ತು. ಬಾಂಬ್ ಬೀಳುತ್ತದೆ ಎಂದು ಹೆದರಿದ ಮಗು ಸೈಕಲ್ ಅಂಗಡಿಯ ಹಿಂದಿನ ತಗಡಿನ ಕೆಳಗೆ ಗೋಣಿಚೀಲ ಹಾಸಿ, ಆ ಮರಿಗಳನ್ನು ಅಲ್ಲಿ ಬಚ್ಚಿಟ್ಟಿದ್ದಳಂತೆ. ಕೊನೆಗೆ ಅವಳು ಹೀಗೆ ಬರೆದಿದ್ದಳು: "ಯುದ್ಧ ಬಂದರೆ ಎಲ್ಲರೂ ಮನೆಯೊಳಗೆ ಇರಬೇಕು ಎಂದು ಟಿ.ವಿ.ಯಲ್ಲಿ ಹೇಳಿದರು. ಬೀದಿನಾಯಿಗೆ ಮನೆ ಇಲ್ಲ. ಅದು ಎಲ್ಲಿಗೆ ಹೋಗಬೇಕು ಸರ್?"

ನಾನು ಕಾಗುಣಿತದ ತಪ್ಪುಗಳಿಗೆ ಕೆಂಪು ಗುರುತು ಹಾಕಿದೆ. ಹತ್ತಕ್ಕೆ ಏಳು ಅಂಕ ಕೊಟ್ಟೆ. ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಉತ್ತರ ಗೊತ್ತಿರಲಿಲ್ಲವೆಂದಲ್ಲ, ನನ್ನ ಬಾಲ್ಯದ ಒಂದು ನೆನಪು ಅಡ್ಡ ಬಂದು ಪೆನ್ನು ಹಿಡಿದುಕೊಂಡಿತು. ಅದನ್ನು ಇದೇ ಮೊದಲ ಬಾರಿಗೆ ಸಭೆಯ ಮುಂದೆ ಹೇಳುತ್ತಿದ್ದೇನೆ. ಅದಕ್ಕೂ ಮೊದಲು ನಾಯಿ ಮತ್ತು ಯುದ್ಧದ ಬಗ್ಗೆ ನಮ್ಮ ನಾಡು ಹಾಗೂ ನಮ್ಮ ದೀನು ಏನು ಹೇಳುತ್ತವೆ ಎಂಬುದನ್ನು ಸ್ವಲ್ಪ ನೋಡೋಣ.

ನಾವು ನಿಂತ ಈ ನೆಲವೇ ನಾಯಿಗಳಿಗೆ ಹೆಸರಾದದ್ದು. ಮುಧೋಳ ಎಂದರೆ ದೇಶದ ಜನರಿಗೆ ಮೊದಲು ನೆನಪಾಗುವುದು ಅಲ್ಲಿಯ ಬೇಟೆನಾಯಿ. ಉದ್ದ ಕಾಲು, ಸಣ್ಣ ನಡು, ಬಾಣದಂತಹ ಓಟ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಉಳಿಸಿದರು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶೀಯ ನಾಯಿಗಳ ಅಂಚೆಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳದ ನಾಯಿಯೂ ಇತ್ತು. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮುಧೋಳದ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು. ಪರದೇಶದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ನಾಯಿಗಳೇ ತುಂಬಿದ್ದ ಸೈನ್ಯದಲ್ಲಿ ನಮ್ಮ ಮಣ್ಣಿನ ನಾಯಿಗೆ ಜಾಗ ಸಿಕ್ಕಿತು. ಇದು ನಮಗೆ ಹೆಮ್ಮೆಯ ಮಾತು.

ಇನ್ನೂ ಹಿಂದಕ್ಕೆ ಹೋದರೆ ಕನ್ನಡ ನಾಡಿನಲ್ಲಿ ಒಂದು ನಾಯಿಗೆ ವೀರಗಲ್ಲನ್ನೇ ನಿಲ್ಲಿಸಿದ್ದಾರೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಘೋರ ಯುದ್ಧವಾಯಿತು. ಚೋಳರ ರಾಜಾದಿತ್ಯ ಅಲ್ಲಿ ಮಡಿದ. ರಾಷ್ಟ್ರಕೂಟರ ಪರವಾಗಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗನ ಬಳಿ ಮಣಲೇರ ಎಂಬ ವೀರನಿದ್ದ. ಯುದ್ಧದಲ್ಲಿ ಅವನ ಪರಾಕ್ರಮ ಕಂಡು ಮೆಚ್ಚಿದ ದೊರೆ, ಏನು ಬೇಕು ಕೇಳು ಎಂದ. ಮಣಲೇರ ಚಿನ್ನ ಕೇಳಲಿಲ್ಲ. 'ಕಾಳಿ' ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಆ ನಾಯಿಯ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟುಕೊಟ್ಟರು. ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ನೋಡಬಹುದು. ನಮ್ಮ ಮುಧೋಳದ ಬಳಿಯ ಬೆಳುಗಲಿಯಲ್ಲಿ, ಬಳೆಗಾರರ ಮನೆಯಲ್ಲಿ ಮಹಾಕವಿ ರನ್ನ ಹುಟ್ಟಿದ್ದೂ ಅದೇ 949ರಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಗುರು, ತಮ್ಮ, ಗೆಳೆಯ, ಹೆತ್ತ ಮಗ ಎಲ್ಲರೂ ಅಲ್ಲಿ ಬಿದ್ದಿದ್ದಾರೆ. ಯುದ್ಧ ಮಕ್ಕಳನ್ನು ಬಿಡುವುದಿಲ್ಲ ಎಂಬುದನ್ನು ನಮ್ಮೂರ ಕವಿ ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದ.

ಮಹಾಭಾರತದ ಕೊನೆಯಲ್ಲೂ ಒಂದು ನಾಯಿ ಬರುತ್ತದೆ. ಯುದ್ಧ ಗೆದ್ದ ಧರ್ಮರಾಯನ ಜೊತೆ ಕಟ್ಟಕಡೆಗೆ ಉಳಿಯುವುದು ದಾರಿಯಲ್ಲಿ ಹಿಂದೆ ಬಂದ ಆ ನಾಯಿ ಮಾತ್ರ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆ ಎಂದು ಅವನು ನಿಂತುಬಿಡುತ್ತಾನೆ. ಕನ್ನಡ ಪಾಠ ಮಾಡುವಾಗ ನಾನು ಈ ಕಥೆ ಹೇಳಿದರೆ ಹಿಂದಿನ ಬೆಂಚಿನವರೂ ಗಲಾಟೆ ನಿಲ್ಲಿಸಿ ಕೇಳುತ್ತಾರೆ.

ಇನ್ನು ನಮ್ಮ ಸಮಾಜದ ಮಾತು. ನಾಯಿ ಎಂದರೆ ನಾಪಾಕ್, ಮುಟ್ಟಬೇಡ, ಹೊಡೆದು ಓಡಿಸು ಎಂದು ನಮ್ಮಲ್ಲಿ ಅನೇಕ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಶುದ್ಧಿಯ ನಿಯಮಗಳನ್ನು ನಾನು ಇಲ್ಲಿ ಚರ್ಚಿಸಲಾರೆ, ಅದು ಉಲಮಾಗಳ ಕೆಲಸ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ತೊಳೆಯುವ ಬಗೆ, ಯಾವ ಕಾರಣಕ್ಕೆ ನಾಯಿ ಸಾಕಬಹುದು ಎಂಬ ವಿವರ ಅವರಿಂದ ಕೇಳಿ ತಿಳಿಯಬೇಕು. ಆದರೆ ಶುದ್ಧಿಯ ನಿಯಮ ಬೇರೆ, ದಯೆಯ ನಿಯಮ ಬೇರೆ. ಪಾತ್ರೆ ತೊಳೆಯಿರಿ ಎಂದ ದೀನು ಕಲ್ಲು ಎಸೆಯಿರಿ ಎಂದು ಎಲ್ಲಿಯೂ ಹೇಳಿಲ್ಲ.

ಪವಿತ್ರ ಕುರ್‌ಆನಿನ ಸೂರಃ ಕಹ್ಫ್‌ನಲ್ಲಿ ಗುಹೆಯ ಯುವಕರ ವೃತ್ತಾಂತವಿದೆ. ತಮ್ಮ ವಿಶ್ವಾಸ ಉಳಿಸಿಕೊಳ್ಳಲು ಊರು ಬಿಟ್ಟು ಓಡಿಹೋದ ತರುಣರು ಅವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ನಿರಾಶ್ರಿತರು. ಅವರ ಜೊತೆ ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿಯನ್ನು ಅಲ್ಲಾಹನು ತನ್ನ ಗ್ರಂಥದಲ್ಲಿ ಸ್ಮರಿಸಿದ್ದಾನೆ. ಆ ಯುವಕರು ಎಷ್ಟು ಜನ ಎಂಬ ಎಣಿಕೆ ಬರುವಾಗಲೂ ಅವರ ನಾಯಿಯನ್ನು ಸೇರಿಸಿಯೇ ಹೇಳಲಾಗಿದೆ. ಬಾಯಾರಿ ಕೆಸರು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ತನ್ನ ಮೋಜೆಯಲ್ಲಿ ನೀರು ತಂದು ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇದು ಬಹಳ ಜನರಿಗೆ ಗೊತ್ತು.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಘಟನೆಯನ್ನು ಇತಿಹಾಸಕಾರ ವಾಕಿದಿ ದಾಖಲಿಸಿದ್ದಾರೆ. ಹಿಜರಿ 8ನೇ ವರ್ಷದ ರಮಜಾನ್ ತಿಂಗಳು, ಅಂದರೆ ಕ್ರಿ.ಶ. 630. ಪ್ರವಾದಿವರ್ಯರು(ಸ) ಹತ್ತು ಸಾವಿರ ಜನರ ಸೈನ್ಯದೊಂದಿಗೆ ಮಕ್ಕಾದ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಅರ್ಜ್ ಎಂಬ ಸ್ಥಳದ ಬಳಿ ಒಂದು ಹೆಣ್ಣು ನಾಯಿ ಮರಿಗಳಿಗೆ ಹಾಲು ಕುಡಿಸುತ್ತಾ ಮಲಗಿತ್ತು. ಸೈನ್ಯ ಬರುವುದನ್ನು ಕಂಡು ಗುರುಗುಟ್ಟುತ್ತಿತ್ತು. ಪ್ರವಾದಿವರ್ಯರು(ಸ) ಜುಐಲ್ ಬಿನ್ ಸುರಾಕಾ ಎಂಬ ಸಂಗಾತಿಯನ್ನು ಕರೆದು, ಸೈನ್ಯದ ಯಾರೊಬ್ಬರೂ ಆ ತಾಯಿಗಾಗಲಿ ಮರಿಗಳಿಗಾಗಲಿ ತೊಂದರೆ ಕೊಡದಂತೆ ಅಲ್ಲಿ ಕಾವಲು ನಿಲ್ಲಿಸಿದರು. ಹತ್ತು ಸಾವಿರ ಜನ ಪಕ್ಕಕ್ಕೆ ಸರಿದು ಹೋದರು. ತನ್ನನ್ನು ಹೊರದೂಡಿದ ಊರನ್ನು ಗೆಲ್ಲಲು ಹೊರಟ ಸೇನಾಪತಿಗೆ ಆ ಹೊತ್ತಿನಲ್ಲಿ ಎಷ್ಟು ಚಿಂತೆಗಳಿರಬೇಕು! ಆದರೂ ದಾರಿಬದಿಯ, ಯಾರೂ ಸಾಕದ ಒಂದು ನಾಯಿ ಅವರ ಕಣ್ಣಿಗೆ ಬಿತ್ತು. ನನ್ನ ವಿದ್ಯಾರ್ಥಿನಿ ಗೋಣಿಚೀಲ ಹಾಸಿದ್ದು ಯಾರ ಮಾದರಿ ಎಂದು ಅವಳಿಗೇ ಗೊತ್ತಿರಲಿಲ್ಲ. ಅವಳನ್ನು ಬೈದ ದೊಡ್ಡವರಿಗೂ ಗೊತ್ತಿರಲಿಲ್ಲ.

ಇನ್ನು ನನ್ನ ಕಥೆ.

1999ನೇ ಇಸವಿ. ಬನಹಟ್ಟಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ನನಗೆ ಹತ್ತು ವರ್ಷ. ಬೆಳಗಿನಿಂದ ರಾತ್ರಿವರೆಗೆ ಮಗ್ಗದ ಸಪ್ಪಳ, ಹೆಣ್ಣುಮಕ್ಕಳು ಕಂಡಿಕೆ ಸುತ್ತುವ ಸದ್ದು. ಆ ಸದ್ದಿಲ್ಲದ ದಿನ ನಮಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದು ಕೆಂದು ಬಣ್ಣದ ನಾಯಿ ಇತ್ತು. ಎಡಗಿವಿ ಹರಿದಿತ್ತು. ಅದಕ್ಕೆ ಮೋತ್ಯಾ ಎಂದು ಯಾರು ಹೆಸರಿಟ್ಟರೋ ಗೊತ್ತಿಲ್ಲ. ಅದು ಯಾರ ಮನೆಯದೂ ಅಲ್ಲ. ಆದರೆ ರಾತ್ರಿ ನಮ್ಮ ಮನೆಯ ಕಟ್ಟೆಯ ಕೆಳಗೆ ಮಲಗುತ್ತಿತ್ತು. ಒಳಗೆ ಬರಲು ಅಬ್ಬಾ ಬಿಡುತ್ತಿರಲಿಲ್ಲ, ಅದೂ ಬರುತ್ತಿರಲಿಲ್ಲ. ನಮ್ಮ ದಾದಿ ಮಾತ್ರ ಬಾಯಿ ಒಡೆದ ಒಂದು ಗಡಿಗೆಯಲ್ಲಿ ನೀರು ತುಂಬಿ ಅದಕ್ಕೆಂದೇ ಕಟ್ಟೆಯ ಪಕ್ಕ ಇಡುತ್ತಿದ್ದಳು. "ನೀರು ಕುಡಿಸೋದಕ್ಕೆ ಜಾತಿ ನೋಡಬಾರದು, ಸವಾಬ್ ಅದ" ಎನ್ನುತ್ತಿದ್ದಳು. ಓದು ಬರಹ ಬಾರದ ಹೆಂಗಸು. ಹದೀಸ್ ಗ್ರಂಥದ ಹೆಸರು ಅವಳಿಗೆ ತಿಳಿಯದು. ಅದರ ಅರ್ಥ ತಿಳಿದಿತ್ತು. ಸಂಜೆ ಅರಬ್ಬಿ ಮದರಸಾದಿಂದ ಬರುವಾಗ ನಾನು ಮಧ್ಯಾಹ್ನ ಉಳಿಸಿಟ್ಟ ರೊಟ್ಟಿಯ ಚೂರನ್ನು ದೂರದಿಂದ ಎಸೆಯುತ್ತಿದ್ದೆ. ಮೋತ್ಯಾ ನೆಗೆದು ಗಾಳಿಯಲ್ಲೇ ಹಿಡಿಯುತ್ತಿತ್ತು. ನಾನು ಕೈ ಎತ್ತಿದರೆ ಸಾಕು, ಅದರ ಬಾಲ ಅಲ್ಲಾಡುತ್ತಿತ್ತು.

ಆ ಮೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಐನೂರಕ್ಕೂ ಹೆಚ್ಚು ನಮ್ಮ ಯೋಧರು ಆ ಬೆಟ್ಟಗಳಲ್ಲಿ ಪ್ರಾಣ ಕೊಟ್ಟರು. ಊರ ತುಂಬ ಅದೇ ಮಾತು. ಜೂನ್ 8ರಂದು ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಪಂದ್ಯವೂ ಬಂತು. ಭಾರತ 47 ರನ್ನುಗಳಿಂದ ಗೆದ್ದಿತು. ಓಣಿಯ ಹುಡುಗರೆಲ್ಲ ಸೇರಿ ಪಟಾಕಿ ಹಚ್ಚಿದೆವು, ನಾನೂ ಹಚ್ಚಿದೆ. ಆದರೆ ಮರುದಿನದಿಂದ ನಮ್ಮ ಆಟ ಬದಲಾಯಿತು. ಮನೆ ಕಟ್ಟಲು ತಂದು ಹಾಕಿದ್ದ ಉಸುಕಿನ ಗುಡ್ಡೆ ಕಾರ್ಗಿಲ್ ಆಯಿತು. ಒಂದು ಕಡೆ ಭಾರತ, ಒಂದು ಕಡೆ ಪಾಕಿಸ್ತಾನ. ಓಣಿಯ ಆ ಗುಂಪಿನಲ್ಲಿ ಮುಸ್ಲಿಂ ಹುಡುಗ ನಾನೊಬ್ಬನೇ. ಪ್ರತಿ ದಿನ ನನ್ನ ಪಾಲಿಗೆ ಬರುವ ಕಡೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಅಬ್ದುಲ್ ಹಮೀದ್ ಆಗುತ್ತೇನೆ ಎಂದು ಒಂದು ದಿನ ಹೇಳಿದೆ. 1965ರ ಯುದ್ಧದಲ್ಲಿ ಶತ್ರುವಿನ ಟ್ಯಾಂಕುಗಳನ್ನು ಹೊಡೆದುರುಳಿಸಿ ಪರಮವೀರ ಚಕ್ರ ಪಡೆದ ವೀರ ಎಂದು ಶಾಲೆಯಲ್ಲಿ ಓದಿದ್ದೆ. ಅದು ಬೇರೆ ಯುದ್ಧ, ಇದರಲ್ಲಿ ನಡೆಯುವುದಿಲ್ಲ ಎಂದರು. ಅದೇ ಜೂನ್ ತಿಂಗಳ ಮೊದಲ ವಾರದಲ್ಲಿ ಲಡಾಖಿನ ತುರ್ತುಕ್ ಬೆಟ್ಟದಲ್ಲಿ ಕ್ಯಾಪ್ಟನ್ ಹನೀಫುದ್ದೀನ್ ಎಂಬ ತರುಣ ಅಧಿಕಾರಿ ಭಾರತಕ್ಕಾಗಿ ಹೋರಾಡುತ್ತಾ ಪ್ರಾಣ ಕೊಟ್ಟಿದ್ದರು. ಅವರಿಗೆ ವೀರಚಕ್ರ ಬಂತು. ಆ ಹೆಸರು ಆಗ ನನಗಾಗಲಿ ನನ್ನ ಗೆಳೆಯರಿಗಾಗಲಿ ಗೊತ್ತಿದ್ದರೆ ಆಟ ಬೇರೆ ಆಗುತ್ತಿತ್ತೋ ಏನೋ.

ಒಂದು ಸಂಜೆ ಮೋತ್ಯಾ ಉಸುಕಿನ ಗುಡ್ಡೆಯ ಮೇಲೆ ಬಂದು ಕುಳಿತಿತು. ನಮಗಿಂತ ದೊಡ್ಡ ಹುಡುಗನೊಬ್ಬ, "ಈ ನಾಯಿ ಇವರ ಮನಿ ಮುಂದ ಮಲಗತೈತಿ. ಇದೂ ಆ ಕಡೀದ" ಎಂದ. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀ ನಮ್ಮ ಕಡೆ ಬರ್ತಿ ಅಂದ್ರ ಅದಕ್ಕ ಹೊಡಿ, ನೋಡೂಣು" ಎಂದ.

ಬಂಧುಗಳೇ, ನಾನು ಕಲ್ಲು ಎತ್ತಿಕೊಂಡೆ. ಕೈ ಎತ್ತಿದೆ. ಕೈ ಎತ್ತಿದ್ದನ್ನು ಕಂಡು ಮೋತ್ಯಾ ಬಾಲ ಅಲ್ಲಾಡಿಸಿತು. ರೊಟ್ಟಿ ಬರುತ್ತದೆ ಎಂದು ಎರಡು ಹೆಜ್ಜೆ ಮುಂದೆ ಓಡಿ ಬಂತು. ಕಲ್ಲು ಹಿಂಗಾಲಿಗೆ ಬಡಿಯಿತು. ಅದು ಕೂಗಿದ ಸದ್ದು ಮಗ್ಗಗಳ ಸಪ್ಪಳವನ್ನೂ ಮೀರಿ ಕೇಳಿಸಿತು. ಮಗ್ಗದ ಮನೆಯಿಂದ ಒಬ್ಬ ಕಾಕಾ ಹೊರಗೆ ಬಂದು ನಮ್ಮೆಲ್ಲರನ್ನೂ ಬೈದರು. ಅರಿಷಿಣ ಎಣ್ಣೆ ಕಲಸಿ ತಂದು ಅದರ ಕಾಲಿಗೆ ಹಚ್ಚಲು ನೋಡಿದರು, ಅದು ನಿಲ್ಲದೆ ಕುಂಟುತ್ತಾ ಓಡಿತು. ನನ್ನ ಗೆಳೆಯರು ಬೆನ್ನು ತಟ್ಟಿ, ಈಗ ನೀನು ನಮ್ಮವ ಎಂದರು. ಆ ದಿನ ನಾನು ಭಾರತದ ಕಡೆ ಆಡಿದೆ. ಆ ಆಟದಲ್ಲಿ ನನಗೆ ಸ್ವಲ್ಪವೂ ಸಂತೋಷವಾಗಲಿಲ್ಲ.

ಮೋತ್ಯಾ ಮತ್ತೆ ನಮ್ಮ ಕಟ್ಟೆಗೆ ಬರಲಿಲ್ಲ. ದಾದಿ ದಿನಾಲೂ ಗಡಿಗೆಗೆ ನೀರು ತುಂಬುತ್ತಿದ್ದಳು. ಅದು ಯಾಕೆ ಬರುತ್ತಿಲ್ಲ, ನಿನಗೇನಾದರೂ ಗೊತ್ತೇ ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ. ಜುಲೈ 26ರಂದು ಯುದ್ಧ ಮುಗಿಯಿತೆಂದು ಶಾಲೆಯಲ್ಲಿ ಪೇಢೆ ಹಂಚಿದರು. ಅದಾಗಿ ಕೆಲವು ದಿನಗಳಿಗೆ ಮೋತ್ಯಾ ಸಂತೆಯ ಬಯಲಿನಲ್ಲಿ ಕಂಡಿತು. ನಾನು ಮನೆಗೆ ಓಡಿ ಹೋಗಿ ರೊಟ್ಟಿ ತಂದೆ. ಮೊದಲಿನಂತೆ ಎಸೆಯಲು ಕೈ ಎತ್ತಿದೆ. ಅದು ಬಾಲ ಮುದುರಿಕೊಂಡು ಓಡಿಹೋಯಿತು. ನಾನು ರೊಟ್ಟಿಯನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದು ಗೋಡೆಯ ಮರೆಗೆ ನಿಂತೆ. ಬಹಳ ಹೊತ್ತಿನ ಮೇಲೆ ಅದು ಬಂದು ತಿಂದಿತು. ಅಂದು ನನಗೊಂದು ಮಾತು ತಿಳಿಯಿತು. ಯುದ್ಧ ಮುಗಿದ ಸುದ್ದಿ ಎಲ್ಲರಿಗೂ ಒಂದೇ ದಿನ ಮುಟ್ಟುವುದಿಲ್ಲ.

ನನ್ನ ಗೆಳೆಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಒಬ್ಬ ಇಂದಿಗೂ ಪ್ರತಿ ಈದಿಗೆ ನಮ್ಮ ಮನೆಗೆ ಸುರಕುಂಬಾ ಕುಡಿಯಲು ಬರುತ್ತಾನೆ. ಟಿ.ವಿ. ಮತ್ತು ದೊಡ್ಡವರ ಮಾತು ಕೇಳಿದ ಮಕ್ಕಳು ಅದನ್ನೇ ಆಡಿದೆವು, ಅಷ್ಟೇ. ಕಲ್ಲು ಎಸೆದ ಕೈ ಮಾತ್ರ ನನ್ನದು.

ಮುಂದೆ ಉರ್ದು ಸಾಹಿತ್ಯ ಓದುವಾಗ ಸಾದತ್ ಹಸನ್ ಮಂಟೋ ಅವರ 'ಟೇಟ್ವಾಲ್ ಕಾ ಕುತ್ತಾ' ಎಂಬ ಕಥೆ ಸಿಕ್ಕಿತು. ಕಾಶ್ಮೀರದ ಗಡಿಯಲ್ಲಿ ಎದುರು ಬದುರು ಬೆಟ್ಟಗಳ ಮೇಲೆ ಎರಡು ಸೈನ್ಯಗಳು. ನಡುವೆ ಒಂದು ಬೀದಿನಾಯಿ. ಬೆಳಗ್ಗೆ ಈ ಕಡೆಯವರ ಬಿಸ್ಕತ್ತು ತಿಂದು ಒಂದು ಹೆಸರು ಪಡೆಯುತ್ತದೆ. ಆ ಕಡೆ ಹೋದರೆ ಇನ್ನೊಂದು ಹೆಸರು. ಎರಡೂ ಕಡೆಯವರು ಅದರ ಕೊರಳಿಗೆ ಗುರುತಿನ ಚೀಟಿ ಕಟ್ಟುತ್ತಾರೆ. ಕೊನೆಗೆ ಎರಡೂ ಕಡೆಯ ಗುಂಡುಗಳ ನಡುವೆ ಅತ್ತಿತ್ತ ಓಡಿ ಅದು ಸಾಯುತ್ತದೆ. ಮಂಟೋ ಬರೆದ ಸೈನಿಕರು ರಾಕ್ಷಸರಲ್ಲ. ಹಾಡು ಹೇಳುವವರು, ನಗುವವರು, ಬೇಸರ ಕಳೆಯಲು ನಾಯಿಯ ಜೊತೆ ಆಡುವವರು. ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಟೇಟ್ವಾಲ್ ನಮ್ಮ ಓಣಿಯ ಉಸುಕಿನ ಗುಡ್ಡೆಯ ಮೇಲೆಯೇ ಇತ್ತು.

ಇದು ಕಥೆಗಳ ಮಾತಾಯಿತು. ಲೋಕದಲ್ಲಿ ನಡೆದದ್ದನ್ನು ನೋಡಿ. 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಶುರುವಾದ ಕೂಡಲೇ ಇಂಗ್ಲೆಂಡಿನಲ್ಲಿ ಬಾಂಬ್ ಬೀಳುವ ಭಯದಿಂದ, ಒಂದೂ ಬಾಂಬ್ ಬೀಳುವ ಮೊದಲೇ, ಜನರು ತಮ್ಮ ಲಕ್ಷಾಂತರ ಸಾಕು ನಾಯಿ ಬೆಕ್ಕುಗಳನ್ನು ತಾವೇ ಒಯ್ದು ಸಾಯಿಸಿದರು. ಅದೇ ದಿನಗಳಲ್ಲಿ ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿದ್ದರು. ಮರಳಿ ಬಂದ ಎಷ್ಟೋ ಮಕ್ಕಳಿಗೆ ತಮ್ಮ ನಾಯಿ ಮನೆಯಲ್ಲಿ ಸಿಗಲಿಲ್ಲ.

ನಮ್ಮ ಕಾಲಕ್ಕೆ ಬಂದರೆ, 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ರಾಜ್ಯದ ನೂರಾರು ಮಕ್ಕಳು ನೆಲಮಾಳಿಗೆಗಳಲ್ಲಿ ಸಿಕ್ಕಿಬಿದ್ದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ ಸುದ್ದಿ ಕೇಳಿ ಇಡೀ ಕರ್ನಾಟಕ ಅತ್ತಿತು. 'ಆಪರೇಷನ್ ಗಂಗಾ' ವಿಮಾನಗಳಲ್ಲಿ ಮರಳಿದ ಭಾರತದ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ನಾಯಿ ಬೆಕ್ಕುಗಳನ್ನು ಎದೆಗವಚಿಕೊಂಡು ಬಂದರು. ಅವುಗಳನ್ನು ಬಿಟ್ಟು ಬರಲೊಲ್ಲೆವು ಎಂದು ಹಟ ಹಿಡಿದರು. ಆಗ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ ಅನುಮತಿ ಕೊಟ್ಟಿತು. ಹುಚ್ಚು ಎಂದು ಕೆಲವರು ಆಡಿಕೊಂಡರು. ನನಗೆ ಮಾತ್ರ ಧರ್ಮರಾಯನ ನೆನಪಾಯಿತು.

ಗಾಝಾದಲ್ಲಿ ಸಯೀದ್ ಅಲ್ ಎರ್ರ್ ಎಂಬುವರು 2006ರಲ್ಲಿ 'ಸುಲಾಲಾ' ಎಂಬ ಸಂಸ್ಥೆ ಕಟ್ಟಿ ಬೀದಿನಾಯಿಗಳಿಗೆ ಆಶ್ರಯ ಕೊಡುತ್ತಾ ಬಂದವರು. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ಮೇಲೆ ಅವರೂ ಮನೆ ಮಠ ಬಿಟ್ಟು ದಕ್ಷಿಣಕ್ಕೆ ಓಡಬೇಕಾಯಿತು. ಅಲ್ಲಿಯೂ ಗಾಯಗೊಂಡ ಪ್ರಾಣಿಗಳ ಆರೈಕೆ ಬಿಡಲಿಲ್ಲ. ಮನುಷ್ಯರಿಗೇ ಹಿಟ್ಟಿಲ್ಲದ ಜಾಗದಲ್ಲಿ ನಾಯಿಯ ಚಿಂತೆಯೇ ಎಂದು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಆದರೆ ಎಲ್ಲವನ್ನೂ ಕಳೆದುಕೊಂಡ ಮಗುವಿನ ಸ್ಥಿತಿ ಯೋಚಿಸಿ. ಅದಕ್ಕೆ ಎಲ್ಲರೂ ಅಪ್ಪಣೆ ಮಾಡುವವರೇ. ಎದ್ದೇಳು, ಓಡು, ಸುಮ್ಮನಿರು, ಸಾಲಿನಲ್ಲಿ ನಿಲ್ಲು. ಅದರ ಕೈಯಲ್ಲಿ ಏನೂ ಇಲ್ಲ. ಅಂತಹ ಮಗುವಿನ ಹತ್ತಿರ ತನಗಿಂತ ಬಡವಾದ ಒಂದು ಜೀವ ಬಂದು ಕೂತರೆ, ಆ ಮಗು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತದೆ. ಕೊಡುವ ಕೈ ತನ್ನದೂ ಇದೆ ಎಂದು ಆ ಮಗುವಿಗೆ ಗೊತ್ತಾಗುವುದು ಆಗ. ಯುದ್ಧ ಮಗುವಿನಿಂದ ಕಸಿದುಕೊಳ್ಳುವ ಅನೇಕ ವಸ್ತುಗಳಲ್ಲಿ ಇದೂ ಒಂದು. ನಾಯಿ ಅದನ್ನು ಮರಳಿ ಕೊಡುತ್ತದೆ.

ಹಾಗೆಂದು ನಾನು ಭಾವುಕನಾಗಿ ಅಪಾಯವನ್ನು ಮರೆಯುವುದಿಲ್ಲ. ನಾನು ಶಿಕ್ಷಕ, ನಿಮ್ಮ ಮಕ್ಕಳ ಜವಾಬ್ದಾರಿ ನನ್ನ ಮೇಲಿದೆ. ಬೀದಿನಾಯಿಗಳ ಕಡಿತದಿಂದ ನಮ್ಮ ತಾಲೂಕುಗಳಲ್ಲೂ ಮಕ್ಕಳು ನರಳಿದ್ದಾರೆ. ಆದ್ದರಿಂದ ಪಾಲಕರಿಗೂ ಮಕ್ಕಳಿಗೂ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಹುಚ್ಚುನಾಯಿ ರೋಗ ಅಂದರೆ ರೇಬಿಸ್ ಒಮ್ಮೆ ಲಕ್ಷಣ ತೋರಿಸಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಸಮಯಕ್ಕೆ ಸರಿಯಾಗಿ ಲಸಿಕೆ ಹಾಕಿಸಿದರೆ ಅದನ್ನು ಪೂರ್ತಿ ತಡೆಯಬಹುದು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಸುಣ್ಣ, ಖಾರಪುಡಿ ಹಚ್ಚಬೇಡಿ. ಮಂತ್ರ ತಾಯಿತ ಎಂದು ಕಾಲ ಕಳೆಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯ ಮಾಯಿತೆಂದು ನಡುವೆ ಬಿಡದೆ ವೈದ್ಯರು ಹೇಳಿದ ಎಲ್ಲ ಸೂಜಿಗಳನ್ನೂ ಹಾಕಿಸಿ.

ಎರಡನೆಯದು, ಬೈಯುತ್ತಾರೆಂಬ ಭಯದಿಂದ ಕಡಿತವನ್ನು ಮುಚ್ಚಿಡುವ ಮಕ್ಕಳಿದ್ದಾರೆ. ಬೈಗಳಿಗೆ ಹೆದರಿ ಜೀವ ಕಳೆದುಕೊಳ್ಳುವಂತಾಗಬಾರದು. ತಂದೆ ತಾಯಂದಿರೇ, ಮಗು ಧೈರ್ಯವಾಗಿ ಬಂದು ಹೇಳುವಂತಹ ಮನೆ ನಿಮ್ಮದಾಗಿರಲಿ.

ಮೂರನೆಯದು, ಮರಿ ಹಾಕಿದ ನಾಯಿ, ಉಣ್ಣುತ್ತಿರುವ ನಾಯಿ, ಮಲಗಿರುವ ನಾಯಿಯ ಹತ್ತಿರ ಹೋಗಬಾರದು. ಅಪರಿಚಿತ ನಾಯಿಯನ್ನು ಮುಟ್ಟಬಾರದು. ನಾಯಿಯ ಕಂಡು ಓಡಬಾರದು. ಪ್ರೀತಿ ತೋರಿಸಲು ಮುಟ್ಟಲೇಬೇಕೆಂದಿಲ್ಲ. ದೂರದಲ್ಲಿ ಒಂದು ಗಡಿಗೆ ನೀರು ಇಟ್ಟರೂ ಸಾಕು.

ನಾಲ್ಕನೆಯದು, ಇದು ಊರ ಆಡಳಿತದ ಕೆಲಸವೂ ಹೌದು. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಹಾಕಿಸಬೇಕೆಂದು 2001ರಿಂದ ನಿಯಮವಿದೆ, 2023ರಲ್ಲಿ ಹೊಸ ನಿಯಮಗಳು ಬಂದವು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಈ ಚಿಕಿತ್ಸೆ ಕೊಡಿಸಿ, ಆಶ್ರಯ ತಾಣಗಳಲ್ಲಿ ಇಡಬೇಕೆಂದು ಆದೇಶಿಸಿತು. ನಮ್ಮ ನಗರಸಭೆ, ಪುರಸಭೆಗಳಿಗೆ ನಾವು ಅರ್ಜಿ ಕೊಟ್ಟು ಈ ಕೆಲಸ ಕೇಳಬೇಕು. ವಿಷ ಹಾಕುವುದು, ಕಲ್ಲು ಹೊಡೆಯುವುದು ಉಪಾಯವಲ್ಲ. ಹೊಡೆತ ತಿಂದ ನಾಯಿಯೇ ಹೆಚ್ಚು ಕಚ್ಚುತ್ತದೆ.

ಇನ್ನು ಮುಗಿಸುತ್ತೇನೆ. ಮುಧೋಳದ ನಾಯಿಗೆ ಬೆಲೆಯಿದೆ, ವಂಶಾವಳಿಯಿದೆ, ಅಂಚೆಚೀಟಿಯಿದೆ. ಮೋತ್ಯಾನಿಗೆ ಏನೂ ಇರಲಿಲ್ಲ. ಹುಡುಗರು ಯಾವ ಕಡೆಯದೆಂದು ಹೇಳಿದರೋ ಆ ಕಡೆಯದಾಯಿತು, ಹೊಡೆತ ತಿಂದಿತು. ನಮ್ಮ ತರಗತಿಗಳಲ್ಲೂ ಎರಡು ಬಗೆಯ ಮಕ್ಕಳಿದ್ದಾರೆ. ರ‍್ಯಾಂಕು ಬರುವ ಮಕ್ಕಳ ಹೆಸರನ್ನು ಇಂದು ಈ ವೇದಿಕೆಯಿಂದ ಓದಿದ್ದೇವೆ, ಅವರಿಗೆ ನನ್ನ ಅಭಿನಂದನೆಗಳು. ಹೆಸರು ಓದದೆ ಉಳಿದ ಮಕ್ಕಳೂ ಇದೇ ಸಭೆಯಲ್ಲಿ ಕುಳಿತಿದ್ದಾರೆ. ಮಗ್ಗದ ಮ್ಯಾಲೆ ಕೂಡುವವರು, ಗ್ಯಾರೇಜಿನಲ್ಲಿ ದುಡಿಯುವವರು, ಹಿಂದಿನ ಬೆಂಚಿನವರು. ಅವರನ್ನು ಕಂಡು ಕೈ ಎತ್ತುವ ಮೊದಲು, ಮಾತಿನ ಕಲ್ಲು ಎಸೆಯುವ ಮೊದಲು, ಅವರು ನಮ್ಮಿಂದ ರೊಟ್ಟಿ ಬರುತ್ತದೆಂದು ನಂಬಿ ಎರಡು ಹೆಜ್ಜೆ ಮುಂದೆ ಬಂದಿದ್ದಾರೆ ಎಂಬುದನ್ನು ಶಿಕ್ಷಕರಾದ ನಾವು ನೆನಪಿಡಬೇಕು. ಶಿಕ್ಷಣದ ಮಹತ್ವದ ಬಗ್ಗೆ ಹೇಳಿರಿ ಎಂದಿದ್ದಿರಿ. ನನಗೆ ಗೊತ್ತಿರುವುದು ಇಷ್ಟೇ.

ಆ ಹುಡುಗಿಯ ಕಾಪಿಯನ್ನು ನಾನು ಮರಳಿ ತರಿಸಿಕೊಂಡೆ. ಅವಳ ಪ್ರಶ್ನೆಯ ಕೆಳಗೆ ಉತ್ತರ ಬರೆದೆ: "ನೀನು ಗೋಣಿಚೀಲ ಹಾಸಿದ ಜಾಗಕ್ಕೆ ಹೋಗಬೇಕು." ಅಂಕವನ್ನೂ ತಿದ್ದಿದೆ. ಕಾಗುಣಿತದ ತಪ್ಪುಗಳು ಮಾತ್ರ ಹಾಗೆಯೇ ಇವೆ, ಅವನ್ನು ಅವಳು ಹತ್ತು ಸಲ ಬರೆದು ತಂದು ತೋರಿಸಬೇಕು!

ಲೋಕದಲ್ಲಿ ಎಲ್ಲಿಯೂ ಮಕ್ಕಳು ಸೈರನ್ ಕೇಳಿ ಎದ್ದೇಳದ ದಿನ ಬರಲಿ ಎಂದು ಅಲ್ಲಾಹನಲ್ಲಿ ದುಆ ಮಾಡುತ್ತೇನೆ.